ನಿಮಿಷಕ್ಕೆ 28 ಹನಿ

ಡೆಂಗಿ ಜ್ವರವಾಗಿ ಆಸ್ಪತ್ರೆ ಸೇರಿರುವ ಮಾವನವರ ಜೊತೆ ನಿನ್ನೆ ರಾತ್ರಿ ನಾನಿದ್ದೆ. 11 ಗಂಟೆಗೆ ಸಿಸ್ಟರ್ ಬಂದು ಹೊಸ ಬಾಟಲಿ ನೇತುಹಾಕಿ, ಕೈಗಡಿಯಾರವನ್ನು ಡ್ರಿಪ್ಸ್ ಕೊಳವೆಯ ಪಕ್ಕಕ್ಕೆ ಹಿಡಿದು, 15 ಸೆಕೆಂಡಿಗೆ 7 ಹನಿ ಬೀಳುವವರೆಗೂ ಹನಿಯ ವೇಗ ಹೊಂದಿಸುವ ಚಕ್ರವನ್ನು ಒಂದಿಷ್ಟೇ ಹಿಂದೆ ಮುಂದೆ ಹೊರಳಿಸುತ್ತ ನಿಂತರು. ಅಷ್ಟರಲ್ಲಿ ಪಕ್ಕದ ಹಾಸಿಗೆಯ ರೋಗಿಯ ಮಗ, "ಸಿಸ್ಟರ್, ನಮ್ಮ ಗ್ಲೂಕೋಸ್ ಸ್ವಲ್ಪ ಜೋರಾಗಿ ಬಿಡಿ, ಎಷ್ಟು ಹೊತ್ತು ಕಾಯೋದು" ಎಂದು ಗದರಿದ. "ಜೋರಾಗಿ ಬಿಟ್ರೆ ನಿಮ್ಮ ತಂದೆಗೇ ಉಸಿರಾಡೋಕೆ ಕಷ್ಟ ಆಗುತ್ತೆ ಅಣ್ಣ" ಎಂದಷ್ಟೇ ಹೇಳಿ ಅವರು ಎಣಿಕೆಯನ್ನು ಮತ್ತೆ ಮೊದಲಿನಿಂದ ಶುರುಮಾಡಿದರು. ಆ ಗದರಿಕೆ ನೆನೆದು ನನಗೆ ಈಗಲೂ ಮೈ ಉರಿಯುತ್ತಿದೆ.

ಬಾಟಲಿಯಲ್ಲಿರುವುದೆಲ್ಲ ನಮಗೆ ಗ್ಲೂಕೋಸ್. ಲೀಟರಿಗೆ 9 ಗ್ರಾಂ ಉಪ್ಪಿರುವ ನಾರ್ಮಲ್ ಸಲೈನ್ ಬೇರೆ, 50 ಗ್ರಾಂ ಸಕ್ಕರೆಯಿರುವ ಡೆಕ್ಸ್‌ಟ್ರೋಸ್ ಬೇರೆ, ಕ್ಯಾಲ್ಸಿಯಂ ಇರುವುದರಿಂದ ರಕ್ತದ ಜೊತೆ ಒಂದೇ ಕೊಳವೆಯಲ್ಲಿ ಹರಿಸಬಾರದ ರಿಂಗರ್ ಲ್ಯಾಕ್ಟೇಟ್ ಬೇರೆ ಎಂಬುದು ಸಿಸ್ಟರಿಗೆ ಗೊತ್ತಿರಬೇಕು. ಪೊಟ್ಯಾಸಿಯಂ ಕ್ಲೋರೈಡನ್ನು ದ್ರಾವಣದಲ್ಲಿ ಬೆರೆಸದೆ ನೇರವಾಗಿ ರಕ್ತನಾಳಕ್ಕೆ ಚುಚ್ಚಿದರೆ ಹೃದಯವೇ ನಿಂತುಹೋಗಬಹುದು ಎಂಬುದು ಅವರಿಗೆ ನಡುರಾತ್ರಿಯ ನಿದ್ದೆಗಣ್ಣಿನಲ್ಲೂ ನೆನಪಿರಬೇಕು. ನಾವಾದರೋ ಒಂದೇ ಸಲಕ್ಕೆ ನರ ಸಿಕ್ಕಿತೇ ಇಲ್ಲವೇ ಎಂಬುದನ್ನಷ್ಟೇ ನೋಡಿ ಅವರನ್ನು ಅಳೆಯುತ್ತೇವೆ.

ವೈದ್ಯರು ಬರೆದದ್ದನ್ನು ಹಾಕುವುದಷ್ಟೇ ಅವರ ಕೆಲಸವಲ್ಲವೇ ಎಂದು ಕೇಳುವವರಿದ್ದಾರೆ. ಕೇಸ್ ಶೀಟಿನಲ್ಲಿ ಇದ್ದದ್ದು 500 ಮಿಲಿ, 6 ಗಂಟೆ ಎಂದು ಮಾತ್ರ. ಒಂದು ಮಿಲಿಗೆ 20 ಹನಿ ಬೀಳುವ ಡ್ರಿಪ್ಸ್ ಕೊಳವೆಯ ಸೆಟ್ಟಿನಲ್ಲಿ ಅದು 10,000 ಹನಿ, ನಿಮಿಷಕ್ಕೆ ಸುಮಾರು 28. ಮಕ್ಕಳಿಗೆ ಹಾಕುವ ಮೈಕ್ರೋ ಸೆಟ್ಟಿನಲ್ಲಿ ಮಿಲಿಗೆ 60 ಹನಿ, ಆಗ ಲೆಕ್ಕವೆಲ್ಲ ಬೇರೆ. ಡೆಂಗಿಯಲ್ಲಂತೂ ರಕ್ತನಾಳದಿಂದ ಸೋರಿದ ನೀರು ಒಂದೆರಡು ದಿನದಲ್ಲಿ ತಾನೇ ನಾಳಕ್ಕೆ ಮರಳುತ್ತದೆ. ಆಗಲೂ ಮೊದಲಿನ ವೇಗದಲ್ಲೇ ಹರಿಸುತ್ತಿದ್ದರೆ ಶ್ವಾಸಕೋಶದಲ್ಲಿ ನೀರು ತುಂಬಿಕೊಳ್ಳಬಹುದು. ಅದರ ಮೊದಲ ಸುಳಿವು ಕಾಣುವುದು ಹಾಸಿಗೆಯ ಪಕ್ಕದಲ್ಲಿ ನಿಂತವರಿಗೇ ಹೊರತು ಚೀಟಿ ಬರೆದು ಹೋದವರಿಗಲ್ಲ.

ಇದುವರೆಗೆ ಯಾರಿಗೂ ಹೇಳದ ಒಂದು ಮಾತನ್ನು ಇಲ್ಲಿ ಹೇಳಿಬಿಡುತ್ತೇನೆ. ಕೆಲವು ವರ್ಷಗಳ ಹಿಂದೆ ಅಮ್ಮನನ್ನು ಬೇಗ ಮನೆಗೆ ಕರೆದೊಯ್ಯುವ ಆತುರದಲ್ಲಿ, ಯಾರೂ ಇಲ್ಲದ್ದನ್ನು ನೋಡಿ, ಡ್ರಿಪ್ಸಿನ ಚಕ್ರವನ್ನು ನಾನೇ ಪೂರ್ತಿ ಸಡಿಲಿಸಿದ್ದೆ. ಅಮ್ಮನ ಹೃದಯ ಮೊದಲೇ ದುರ್ಬಲ. ಸ್ವಲ್ಪ ಹೊತ್ತಿಗೆ ಶುರುವಾದ ಕೆಮ್ಮನ್ನು ವಾರ್ಡಿನ ಆ ತುದಿಯಿಂದಲೇ ಕೇಳಿಸಿಕೊಂಡು ಬಂದ ಸಿಸ್ಟರ್, ಡ್ರಿಪ್ಸ್ ನಿಲ್ಲಿಸಿ, ಅಮ್ಮನನ್ನು ಎತ್ತಿ ಕೂರಿಸಿ, ಆಕ್ಸಿಜನ್ ಹಾಕಿ ವೈದ್ಯರನ್ನು ಕರೆಸಿದರು. ಚಕ್ರ ಮುಟ್ಟಿದ್ದು ಯಾರು ಎಂದು ಅವರು ಕೇಳಿದಾಗ ನಾನು ಸುಮ್ಮನಿದ್ದೆ. ನಿನ್ನೆ ಗದರಿದವನ ಮೇಲಿನ ನನ್ನ ಸಿಟ್ಟಿನಲ್ಲಿ ಅಂದಿನ ನನ್ನ ಮೇಲಿನ ಸಿಟ್ಟೂ ಸೇರಿದೆ.

ಯಂತ್ರವೇ ಹನಿ ಎಣಿಸುವ ಪಂಪುಗಳು ಬಂದಿವೆ ಎನ್ನುತ್ತಾರೆ. ಐಸಿಯುವಿನಲ್ಲಿ ಇರಬಹುದು, ನಾವಿದ್ದ ವಾರ್ಡಿನಲ್ಲಿ ಒಂದೂ ಇರಲಿಲ್ಲ. ಇದ್ದಿದ್ದರೂ, ಸೂಜಿಯ ಸುತ್ತ ಕೈ ಊದಿ ತಣ್ಣಗಾಗಿದೆಯೇ ಎಂದು ಅದು ಮುಟ್ಟಿ ನೋಡುತ್ತಿರಲಿಲ್ಲ.

ಬೆಳಗಿನ 5 ಗಂಟೆಗೆ ಬಾಟಲಿಯ ತಳದಲ್ಲಿ ಬೆರಳಗಲ ನೀರು ಉಳಿದಿತ್ತು. ಯಾರೂ ಕರೆಯದೆಯೇ ಸಿಸ್ಟರ್ ಬಂದರು. ಬಂದವರು ಮೊದಲು ಹೋದದ್ದು ಪಕ್ಕದ ಹಾಸಿಗೆಗೆ. ನಿದ್ದೆಯಲ್ಲಿದ್ದ ಮಗನನ್ನು ಎಬ್ಬಿಸದೆ, ಆ ಹಿರಿಯರ ಎದೆ ಏರಿಳಿಯುವುದನ್ನು ಪೂರ್ತಿ ಒಂದು ನಿಮಿಷ ಎಣಿಸಿದರು.