ಪವರ್ ಎಷ್ಟು ಎಂದು ಕೇಳುವ ಮುನ್ನ ಚೈನ್ ಸೆಟ್ಟಿನ ಬೆಲೆ ಕೇಳಿ

ಸ್ಪೋರ್ಟ್ ಟೂರಿಂಗ್ ಬೈಕು, ಅಂದರೆ ವೇಗವೂ ದೂರ ಪ್ರಯಾಣದ ಆರಾಮವೂ ಇರುವ ದೊಡ್ಡ ಬೈಕು, ಕೊಳ್ಳಬೇಕೆಂದಿರುವವರು ಸಲಹೆ ಕೇಳಲು ಬಂದಾಗ ಮೊದಲು ಎತ್ತುವ ಪ್ರಶ್ನೆ ಬಹುಮಟ್ಟಿಗೆ ಒಂದೇ: ಯಾವುದರ ಪವರ್ ಹೆಚ್ಚು? ಇದಕ್ಕೆ ಉತ್ತರ ಯಾವ ಬ್ರೋಷರಿನಲ್ಲಾದರೂ ಸಿಗುತ್ತದೆ. ಬೈಕು ಮನೆಗೆ ಬಂದು ಎರಡು ಮಳೆಗಾಲ ಕಳೆದ ಮೇಲೆ ಎದುರಾಗುವ ಸಂಗತಿಗಳು ಮಾತ್ರ ಅಲ್ಲಿ ಇರುವುದಿಲ್ಲ. ಈ ವರ್ಗದ ಬೈಕುಗಳನ್ನು ಅಶ್ವಶಕ್ತಿಯಿಂದ ಅಳೆಯುವುದು ವ್ಯರ್ಥ. ಅವು ನಮ್ಮಿಂದ ಎಷ್ಟು ಸಮಯ, ಎಷ್ಟು ದುಡ್ಡು, ಎಷ್ಟು ಗಮನ ಬೇಡುತ್ತವೆ ಎಂಬುದರಿಂದ ಅಳೆಯಬೇಕು ಎಂಬುದು ನನ್ನ ಅಭಿಪ್ರಾಯ. ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ನನ್ನದು 2020ಕ್ಕೆ ಮೊದಲಿನ ಕವಾಸಾಕಿ ನಿಂಜಾ 1000, ಸೆಕೆಂಡ್ ಹ್ಯಾಂಡ್ ಕೊಂಡದ್ದು. 1043 ಸಿಸಿಯ ನಾಲ್ಕು ಸಿಲಿಂಡರಿನ ಎಂಜಿನ್, 142 ಅಶ್ವಶಕ್ತಿ, 19 ಲೀಟರಿನ ಟ್ಯಾಂಕು, ಸುಮಾರು 240 ಕೆ.ಜಿ. ತೂಕ. ನನ್ನ ಭಾವಮೈದನ ಬಳಿ ಇರುವುದು ಅದೇ ಕಂಪನಿಯ ನಿಂಜಾ 650: ಎರಡು ಸಿಲಿಂಡರು, 649 ಸಿಸಿ, 68 ಅಶ್ವಶಕ್ತಿ, 15 ಲೀಟರಿನ ಟ್ಯಾಂಕು, 196 ಕೆ.ಜಿ. ನಾವಿಬ್ಬರೂ ಒಟ್ಟಿಗೆ ಹೊರಟಾಗ ಅರ್ಧ ದಾರಿಯಲ್ಲಿ ಬೈಕು ಬದಲಾಯಿಸಿಕೊಳ್ಳುವುದು ರೂಢಿ. ಹಾಗಾಗಿ ಈ ಎರಡರ ಹೋಲಿಕೆ ನನಗೆ ಕಾಗದದ ಮೇಲಿನ ಲೆಕ್ಕವಾಗಿ ಉಳಿದಿಲ್ಲ.

ಮೊದಲು ವೇಗದ ಮಾತು. ನಮ್ಮ ಚತುಷ್ಪಥ ಹೆದ್ದಾರಿಗಳಲ್ಲಿ ಬೈಕಿಗೆ ಕಾನೂನು ಕೊಟ್ಟಿರುವ ಗರಿಷ್ಠ ಮಿತಿ ಗಂಟೆಗೆ 80 ಕಿ.ಮೀ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥಕ್ಕೆ 2023ರ ಆಗಸ್ಟ್ 1ರಿಂದ ದ್ವಿಚಕ್ರ ವಾಹನಗಳಿಗೆ ಪ್ರವೇಶವೇ ಇಲ್ಲ. ಹದಿನೈದು ಲಕ್ಷದ ಬೈಕಾದರೂ ಸರ್ವಿಸ್ ರಸ್ತೆಯಲ್ಲಿ ಟ್ರ್ಯಾಕ್ಟರಿನ ಹಿಂದೆಯೇ ಹೋಗಬೇಕು. ಹೀಗಿರುವಾಗ 142 ಅಶ್ವಶಕ್ತಿ ಏಕೆ ಬೇಕು ಎಂದು ಯಾರಾದರೂ ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ. ನನ್ನ ಉತ್ತರ, ಅಶ್ವಶಕ್ತಿ ಬೇಕಿಲ್ಲ, ಟಾರ್ಕ್ (ಎಂಜಿನ್ನಿನ ಎಳೆಯುವ ಬಲ) ಬೇಕು ಎಂಬುದು. ಆರನೇ ಗೇರಿನಲ್ಲಿ 60ಕ್ಕೆ ಇಳಿದ ಬೈಕು, ಹಿಂದೆ ಹೆಂಡತಿ, ಎರಡೂ ಬದಿಗೆ ತುಂಬಿದ ಪ್ಯಾನಿಯರ್ ಪೆಟ್ಟಿಗೆ, ಮುಂದೆ ಕಬ್ಬಿನ ಲಾರಿ: ಆಗ ಗೇರು ಇಳಿಸದೆ ಥ್ರಾಟಲ್ ತಿರುಗಿಸಿದ ಮಾತ್ರಕ್ಕೆ ದಾಟಿಬಿಡುವ ನೆಮ್ಮದಿಯನ್ನು ದೊಡ್ಡ ಎಂಜಿನ್ ಕೊಡುತ್ತದೆ. 650ರಲ್ಲಿ ಅದೇ ಕೆಲಸಕ್ಕೆ ಒಂದು, ಕೆಲವೊಮ್ಮೆ ಎರಡು ಗೇರು ಇಳಿಸಬೇಕು. ಐದು ಸಾವಿರ ಆರ್‌ಪಿಎಂ ಆಸುಪಾಸಿನಲ್ಲಿ ಹ್ಯಾಂಡಲಿಗೂ ಫುಟ್‌ಪೆಗ್ಗಿಗೂ ಬರುವ ಸಣ್ಣ ನಡುಕ ನಾಲ್ಕನೇ ಗಂಟೆಯ ಹೊತ್ತಿಗೆ ಅಂಗೈಗೆ ತಿಳಿಯುತ್ತದೆ.

ಆದರೆ ಒಬ್ಬರೇ ಹೋಗುವುದಾದರೆ ಚಿತ್ರವೇ ಬೇರೆ. ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿ ಇಳಿಯುವಾಗ ನಾನು ಯಾವಾಗಲೂ ಭಾವಮೈದನ ಬೈಕನ್ನೇ ಕೇಳಿ ಪಡೆಯುತ್ತೇನೆ. ಒದ್ದೆ ರಸ್ತೆ, ತಿರುವಿನ ಒಳಬದಿಯಲ್ಲಿ ಕೊಚ್ಚಿ ಬಂದ ಮಣ್ಣು, ಎದುರಿಗೆ ಅಡ್ಡ ಬರುವ ಬಸ್ಸು. ಅಂಥಲ್ಲಿ 40 ಕೆ.ಜಿ. ಕಡಿಮೆ ಇರುವ ಬೈಕು ಕೊಡುವ ಧೈರ್ಯವನ್ನು ಚಕ್ರ ಜಾರದಂತೆ ತಡೆಯುವ ಯಾವ ಟ್ರ್ಯಾಕ್ಷನ್ ಕಂಟ್ರೋಲೂ ಕೊಡಲಾರದು. ಇನ್ನೊಂದು ವಿಚಿತ್ರವೆಂದರೆ ಟ್ಯಾಂಕಿನ ಲೆಕ್ಕ. ನನ್ನ 19 ಲೀಟರ್ ಹೆಚ್ಚೆಂದರೆ 300 ಕಿ.ಮೀ. ಓಡಿಸುತ್ತದೆ, ಅವನ 15 ಲೀಟರ್ ಅಷ್ಟೇ ದೂರವನ್ನು, ಹೆದ್ದಾರಿಯಲ್ಲಿ ಇನ್ನೂ ಸ್ವಲ್ಪ ಹೆಚ್ಚನ್ನೇ ಕ್ರಮಿಸುತ್ತದೆ. ನೆಲಮಂಗಲದ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಾಗ ನನ್ನ ಬೈಕಿನ ರೇಡಿಯೇಟರ್ ಫ್ಯಾನು ತಿರುಗತೊಡಗಿದರೆ ಮೊಣಕಾಲಿನವರೆಗೂ ಬಿಸಿ ಏರುತ್ತದೆ. ಅವನ ಬೈಕಿನಲ್ಲೂ ಬಿಸಿಯಿದೆ, ಆದರೆ ತಡೆದುಕೊಳ್ಳಬಹುದಾದಷ್ಟು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಚೈನು. ಈ ವರ್ಗದ ಬೈಕಿನ ಮಾಲೀಕ ತನ್ನ ಕೈಯಾರೆ ಕಲಿಯಲೇಬೇಕಾದ ಕೆಲಸ ಒಂದಿದ್ದರೆ ಅದು ಇದು. ದೊಡ್ಡ ಬೈಕುಗಳ ಚೈನಿನಲ್ಲಿ ಪ್ರತಿ ಪಿನ್ನಿನ ಎರಡೂ ಬದಿಗೆ ಸಣ್ಣ ರಬ್ಬರ್ ರಿಂಗುಗಳಿದ್ದು, ಕಾರ್ಖಾನೆಯಲ್ಲೇ ತುಂಬಿದ ಗ್ರೀಸನ್ನು ಅವು ಒಳಗೆ ಹಿಡಿದಿಟ್ಟಿರುತ್ತವೆ. ಪೆಟ್ರೋಲಿನಿಂದ ತೊಳೆದರೆ, ತಂತಿಯ ಬ್ರಷ್ಷಿನಿಂದ ಉಜ್ಜಿದರೆ ಮೊದಲು ಹಾಳಾಗುವುದು ಆ ರಿಂಗುಗಳೇ. ಸೀಮೆಎಣ್ಣೆ, ಮೆತ್ತನೆಯ ಬ್ರಷ್ಷು, ಹಳೆಯ ಬನಿಯನ್ ಬಟ್ಟೆ ಇಷ್ಟೇ ಸಾಕು. ಹಿಂಚಕ್ರವನ್ನು ನೆಲದಿಂದ ಎತ್ತಿ ಹಿಡಿಯುವ ಪ್ಯಾಡಕ್ ಸ್ಟ್ಯಾಂಡಿಗೆ ಬೈಕನ್ನು ಏರಿಸಿ, ಎಂಜಿನ್ ಆಫ್ ಮಾಡಿ, ಚಕ್ರವನ್ನು ಕೈಯಿಂದಲೇ ತಿರುಗಿಸಬೇಕು. ಎಂಜಿನ್ ಚಾಲೂ ಇಟ್ಟು ಗೇರಿನಲ್ಲಿ ಚೈನು ಓಡಿಸುತ್ತ ಒರೆಸುವುದನ್ನು ಕೆಲವರು ವೀಡಿಯೊ ಮಾಡಿ ಹಾಕುತ್ತಾರೆ. ಬೆರಳು ಕಳೆದುಕೊಳ್ಳುವುದಕ್ಕೆ ಅದಕ್ಕಿಂತ ಸುಲಭವಾದ ದಾರಿ ಇಲ್ಲ. ಸವಾರಿ ಮುಗಿಸಿ ಬಂದು ಚೈನು ಇನ್ನೂ ಬೆಚ್ಚಗಿರುವಾಗ ಒಳಮೈಗೆ ಲ್ಯೂಬ್ ಹೊಡೆದು ರಾತ್ರಿಯಿಡೀ ಬಿಟ್ಟರೆ ಮರುದಿನ ಅದು ರಿಮ್ಮಿನ ಮೇಲೆಲ್ಲ ಸಿಡಿಯುವುದಿಲ್ಲ. ಮಲೆನಾಡಿನ ಮಳೆಯಲ್ಲಿ ಓಡಿಸಿ ಬಂದರೆ ಕಿಲೋಮೀಟರಿನ ಲೆಕ್ಕ ನೋಡದೆ ಅಂದೇ ಈ ಕೆಲಸ ಮಾಡಬೇಕು.

ಚೈನಿನ ಸಡಿಲ ಎಷ್ಟಿರಬೇಕೆಂಬುದು ಕೈಪಿಡಿಯಲ್ಲಿ ಇರುತ್ತದೆ. ಇಂಥ ಬೈಕುಗಳಿಗೆ ಸಾಮಾನ್ಯವಾಗಿ 25ರಿಂದ 35 ಮಿ.ಮೀ. ಒಂದೇ ಜಾಗದಲ್ಲಿ ಸ್ಕೇಲು ಹಿಡಿದು ನೋಡಿದರೆ ಸಾಲದು, ಚಕ್ರವನ್ನು ಸ್ವಲ್ಪ ಸ್ವಲ್ಪವೇ ತಿರುಗಿಸುತ್ತ ಅತ್ಯಂತ ಬಿಗಿಯಾಗಿರುವ ಜಾಗವನ್ನು ಹುಡುಕಿ ಅಲ್ಲಿ ಅಳೆಯಬೇಕು. ನಮ್ಮ ಬಡಾವಣೆಯ ಮೆಕ್ಯಾನಿಕ್ ಒಬ್ಬರು ಹೇಳಿದ ಮಾತನ್ನು ನಾನು ಎಲ್ಲರಿಗೂ ದಾಟಿಸುತ್ತಿರುತ್ತೇನೆ: "ಲೂಸ್ ಇದ್ರೆ ಚೈನು ಸದ್ದು ಮಾಡಿ ಹೇಳುತ್ತೆ ಸಾರ್, ಟೈಟ್ ಇದ್ರೆ ಏನೂ ಹೇಳದೆ ಬೇರಿಂಗ್ ತಿಂದು ಹಾಕುತ್ತೆ." ಹಿಂಬದಿಗೆ ಜನ ಕೂತು ಸಸ್ಪೆನ್ಷನ್ ಕುಗ್ಗಿದಾಗ ಚೈನು ಇನ್ನಷ್ಟು ಬಿಗಿಯುತ್ತದೆ ಎಂಬುದನ್ನು ನೆನೆದರೆ ಅವರ ಮಾತಿನ ಅರ್ಥ ತಿಳಿಯುತ್ತದೆ.

ಚೈನಿನ ಉಪದ್ವ್ಯಾಪವೇ ಬೇಡವೆನ್ನುವವರಿಗೆ ಶಾಫ್ಟ್ ಡ್ರೈವ್ ಇದೆ; ಅದರಲ್ಲಿ ಚೈನಿನ ಬದಲು ಉಕ್ಕಿನ ದಂಡವೊಂದು ಹಿಂಚಕ್ರವನ್ನು ತಿರುಗಿಸುತ್ತದೆ. 1990ರಲ್ಲಿ ಬಂದ ಹೋಂಡಾ ಎಸ್‌ಟಿ1100, 2001ರಲ್ಲಿ ಬಂದ ಯಮಹಾ ಎಫ್‌ಜೆಆರ್1300, ಆರು ಸಿಲಿಂಡರಿನ ಬಿಎಂಡಬ್ಲ್ಯೂ ಕೆ1600 ಇವೆಲ್ಲ ಆ ಜಾತಿಯವು. ಹಿಂಚಕ್ರದ ಗೇರ್ ಪೆಟ್ಟಿಗೆಯ ಆಯಿಲನ್ನು ಕಾಲಕಾಲಕ್ಕೆ ಬದಲಿಸಿದರೆ ಉಳಿದಂತೆ ಕೆಲಸವಿಲ್ಲ. ಯುರೋಪು, ಅಮೆರಿಕಗಳಲ್ಲಿ ಲಕ್ಷಾಂತರ ಕಿ.ಮೀ. ಓಡಿಸಿದವರು ಇವುಗಳನ್ನು ಮೆಚ್ಚಿದ್ದು ಇದೇ ಕಾರಣಕ್ಕೆ. ಆದರೆ ಶಾಫ್ಟಿನ ಜೊತೆಗೆ ತೂಕವೂ ಬರುತ್ತದೆ, ಆ ತೂಕದ ಬೈಕನ್ನು ಇಳಿಜಾರಿನ ಮನೆಯಂಗಳದಿಂದ ಹಿಂದಕ್ಕೆ ತಳ್ಳಬೇಕಾದವರು ನಾವೇ ಎಂಬುದೂ ನೆನಪಿರಲಿ. ನಮ್ಮ ಸವಾರಿಯ ಪ್ರಮಾಣಕ್ಕೆ ಚೈನೇ ಸರಿ ಎಂದು ನನ್ನ ಲೆಕ್ಕ.

ಇನ್ನು ವಾಲ್ವ್ ಕ್ಲಿಯರೆನ್ಸ್, ಅಂದರೆ ಎಂಜಿನ್ನಿನ ವಾಲ್ವಿಗೂ ಅದನ್ನು ಒತ್ತಿ ತೆರೆಯುವ ಕ್ಯಾಮ್‌ಶಾಫ್ಟಿಗೂ ನಡುವೆ ಇರಬೇಕಾದ ಕೂದಲೆಳೆಯಷ್ಟು ಅಂತರ. ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿ ಅತಿ ಹೆಚ್ಚು ಸುಳ್ಳು ಕೇಳಿಬರುವುದು ಈ ವಿಷಯದಲ್ಲೇ. "ಎಂಜಿನ್ ಸದ್ದೇ ಇಲ್ಲ, ಬಿಚ್ಚುವುದೇಕೆ?" ಎನ್ನುತ್ತಾರೆ. ಈ ಅಂತರ ಹೆಚ್ಚಾಗಿ ಟ್ಯಾಪೆಟ್ ಸಡಿಲವಾದರೆ ಟಕಟಕ ಸದ್ದು ಬರುತ್ತದೆ ನಿಜ. ಆದರೆ ಅಂತರ ಹೊಂದಿಸಲು ಶಿಮ್ ಎಂಬ ಪುಟ್ಟ ಬಿಲ್ಲೆ ಇರುವ ಈ ಆಧುನಿಕ ಎಂಜಿನ್ನುಗಳಲ್ಲಿ, ವಿಶೇಷವಾಗಿ ಹೊಗೆ ಹೊರಬಿಡುವ ಎಕ್ಸಾಸ್ಟ್ ವಾಲ್ವುಗಳಲ್ಲಿ, ಅಂತರ ಕಾಲಕ್ರಮೇಣ ಕಡಿಮೆಯಾಗುವುದೇ ಹೆಚ್ಚು. ಅಂತರ ಕಡಿಮೆಯಾದರೆ ಸದ್ದೂ ಕಡಿಮೆಯಾಗುತ್ತದೆ. ವಾಲ್ವು ಪೂರ್ತಿ ಮುಚ್ಚದೆ ಬಿಸಿಯನ್ನು ಸಿಲಿಂಡರ್ ಹೆಡ್ಡಿಗೆ ದಾಟಿಸಲಾರದೆ ಕೊನೆಗೆ ಸುಟ್ಟುಹೋಗುತ್ತದೆ. ಹಾಗಾಗಿ ಹಳೆಯ ಬೈಕು ನೋಡಲು ಹೋದಾಗ ಎಂಜಿನ್ ತಣ್ಣಗಿರಬೇಕೆಂದು ಮೊದಲೇ ತಿಳಿಸಿ; ಇಂಥ ದೋಷ ಸುಲಭವಾಗಿ ಹೊರಬೀಳುವುದು ತಣ್ಣಗಿನ ಎಂಜಿನ್ ಸ್ಟಾರ್ಟ್ ಮಾಡುವಾಗ. ನೀವು ಹೋಗುವ ಹೊತ್ತಿಗೆ ಅದಾಗಲೇ ಬೆಚ್ಚಗಿದ್ದರೆ ಅದಕ್ಕೊಂದು ಕಾರಣವಿರುತ್ತದೆ. ತಪಾಸಣೆಯ ಅವಧಿ ಕಂಪನಿಯಿಂದ ಕಂಪನಿಗೆ ಬೇರೆ. ಯಮಹಾದ ಟ್ರೇಸರ್‌ಗೂ ಎಫ್‌ಜೆಆರ್‌ಗೂ ಅದು ಸುಮಾರು 40,000 ಕಿ.ಮೀ.; ವಿ4 ಎಂಜಿನ್ನಿನ ಹೋಂಡಾ ವಿಎಫ್‌ಆರ್800ಕ್ಕೆ ಸುಮಾರು 25,000. ನನ್ನದರಲ್ಲಿ 16 ವಾಲ್ವು, ಭಾವಮೈದನದರಲ್ಲಿ 8. ಶಿಮ್ ಬದಲಿಸಬೇಕಾದರೆ ಕ್ಯಾಮ್‌ಶಾಫ್ಟನ್ನೇ ಎತ್ತಬೇಕು. ಕೂಲಿಯ ವ್ಯತ್ಯಾಸವನ್ನು ನೀವೇ ಊಹಿಸಿಕೊಳ್ಳಿ.

ಟೈರುಗಳ ವಿಷಯದಲ್ಲಿ ನನಗೆ ದೂರುವುದಕ್ಕೆ ಬೇಕಾದಷ್ಟಿದೆ. ಮಿಷಲಿನ್ ರೋಡ್, ಪಿರೆಲ್ಲಿ ಏಂಜೆಲ್ ಜಿಟಿ, ಮೆಟ್ಜೆಲರ್ ರೋಡ್‌ಟೆಕ್ ಮೊದಲಾದ ಸ್ಪೋರ್ಟ್ ಟೂರಿಂಗ್ ಟೈರುಗಳಲ್ಲಿ ನಡುಭಾಗಕ್ಕೆ ಗಟ್ಟಿ ರಬ್ಬರು, ಅಂಚಿಗೆ ಮೆತ್ತನೆಯದು ಇರುತ್ತದೆ. ತುಮಕೂರು, ಚಿತ್ರದುರ್ಗ, ದಾವಣಗೆರೆ ಎಂದು ನೇರ ಹೆದ್ದಾರಿಯಲ್ಲೇ ಓಡಿಸುವವರ ಹಿಂದಿನ ಟೈರಿನ ನಡುಭಾಗ ಚಪ್ಪಟೆಯಾಗಿ, ಅಂಚು ಹೊಸದರಂತೆಯೇ ಉಳಿದಿರುತ್ತದೆ. ಆಮೇಲೆ ಘಾಟಿಗೆ ಹೋದರೆ ಬೈಕು ತಿರುವಿಗೆ ಸರಾಗವಾಗಿ ವಾಲುವುದಿಲ್ಲ. ಮೊದಲು ತಡೆದು, ಬಳಿಕ ಒಮ್ಮೆಲೇ ಬೀಳುತ್ತದೆ. ಬಹಳ ಜನ ಇದನ್ನು ಸಸ್ಪೆನ್ಷನ್ ದೋಷವೆಂದು ಭಾವಿಸುತ್ತಾರೆ. 2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಟೈರುಗಳ ಆಮದನ್ನು ನಿರ್ಬಂಧಿತ ಪಟ್ಟಿಗೆ ಸೇರಿಸಿದ ಮೇಲೆ ಬೇಕಾದ ಅಳತೆಯ ಟೈರು ಬೇಕಾದಾಗ ಸಿಗುವ ಖಾತರಿ ಇಲ್ಲವಾಯಿತು. ಸಿಕ್ಕಾಗಲೂ ಬದಿಯಲ್ಲಿರುವ ನಾಲ್ಕು ಅಂಕಿಗಳನ್ನು ಓದಿ: 2324 ಎಂದಿದ್ದರೆ 2024ರ 23ನೇ ವಾರದಲ್ಲಿ ತಯಾರಾದದ್ದು. 650ರ 160 ಮಿ.ಮೀ. ಅಗಲದ ಹಿಂದಿನ ಟೈರಿಗೂ ನನ್ನ 190ಕ್ಕೂ ಬೆಲೆಯಲ್ಲಿ ಇರುವ ಅಂತರ ಪ್ರತಿ ಸಲವೂ ನನ್ನ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ.

ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುವಂಥದ್ದು; ಓಡಿಸಿದರೂ ಓಡಿಸದಿದ್ದರೂ ಎರಡು ವರ್ಷಕ್ಕೊಮ್ಮೆ ಬದಲಿಸಬೇಕು, ಕರಾವಳಿಯವರಂತೂ ತಪ್ಪಿಸಲೇಬಾರದು.

ಬೆಲೆಯ ಬಗ್ಗೆ ಒಂದು ಮಾತು. 2025ರ ಸೆಪ್ಟೆಂಬರ್ 22ರಿಂದ 350 ಸಿಸಿ ಮೀರಿದ ಬೈಕುಗಳಿಗೆ ಶೇ 40ರಷ್ಟು ಜಿಎಸ್‌ಟಿ, ಅದರ ಮೇಲೆ ನಮ್ಮ ರಾಜ್ಯದ ಆಜೀವ ತೆರಿಗೆ. ಇಷ್ಟೆಲ್ಲ ತೆತ್ತು ಮನೆಗೆ ತಂದ ಬೈಕನ್ನು ಸರ್ವಿಸಿನ ಖರ್ಚಿಗೆ ಹೆದರಿ ಮುಸುಕು ಹಾಕಿ ನಿಲ್ಲಿಸುವವರನ್ನು ಬೆಂಗಳೂರಿನ ಅಪಾರ್ಟ್‌ಮೆಂಟುಗಳ ನೆಲಮಾಳಿಗೆಯಲ್ಲಿ ಎಷ್ಟು ಬೇಕಾದರೂ ನೋಡಬಹುದು.

ಈಗ ಎಲ್ಲರೂ ಅಡ್ವೆಂಚರ್ ಬೈಕಿನ ಹಿಂದೆ ಬಿದ್ದಿದ್ದಾರೆ. ಊರೂರಿಗೆ ಎದುರಾಗುವ ಹಂಪುಗಳನ್ನು ನೆನೆದರೆ ಅದರಲ್ಲಿ ಅರ್ಥವಿಲ್ಲದಿಲ್ಲ. ಆದರೂ ಡಾಂಬರು ಬಿಟ್ಟು ಕೆಳಗಿಳಿಯದವರಿಗೆ ಎತ್ತರದ ಸೀಟು, 19 ಅಥವಾ 21 ಇಂಚಿನ ಮುಂಚಕ್ರ, ಅಡ್ಡಗಾಳಿಗೆ ಓಲಾಡುವ ಮೈ ಯಾಕೆ ಬೇಕೆಂಬುದು ನನಗೆ ಇನ್ನೂ ಅರ್ಥವಾಗಿಲ್ಲ. ಹೋಂಸ್ಟೇಗೆ ಹೋಗುವ ಕೊನೆಯ ಎರಡು ಕಿ.ಮೀ. ಕಚ್ಚಾ ರಸ್ತೆಯನ್ನು ನಿಂಜಾ ಕೂಡ ದಾಟುತ್ತದೆ, ನಿಧಾನವಾಗಿ ದಾಟುತ್ತದೆ ಅಷ್ಟೆ.

ತಯಾರಕರಿಗೂ ಅಶ್ವಶಕ್ತಿಯ ವ್ಯಾಮೋಹ ಸ್ವಲ್ಪ ಇಳಿದಂತಿದೆ. ಹೊಸ ನಿಂಜಾ 1100ಎಸ್‌ಎಕ್ಸ್‌ನಲ್ಲಿ ಎಂಜಿನ್ 1099 ಸಿಸಿಗೆ ಬೆಳೆದಿದೆ, ಪವರ್ ಮಾತ್ರ 142ರಿಂದ 136ಕ್ಕೆ ಇಳಿದಿದೆ. ಕೊನೆಯ ಎರಡು ಗೇರುಗಳನ್ನು ಹೆದ್ದಾರಿಗೆಂದೇ ಉದ್ದ ಮಾಡಿದ್ದಾರೆ. ಸರಿಯಾದ ದಿಕ್ಕು ಎಂದೇ ನನ್ನ ಅಭಿಪ್ರಾಯ.

ಹಾಗಾದರೆ ಯಾವುದನ್ನು ಕೊಳ್ಳಬೇಕು? ಹೆಚ್ಚಾಗಿ ಒಬ್ಬರೇ ಹೋಗುವವರು 650ರ ಆಚೆ ನೋಡಬೇಕಿಲ್ಲ. ಜೊತೆಗೊಬ್ಬರು, ಸಾಮಾನು, ದಿನಕ್ಕೆ ಐನೂರು ಕಿ.ಮೀ. ಎನ್ನುವವರು ಲೀಟರ್ ಬೈಕಿನತ್ತ, ಅಂದರೆ ನನ್ನದರಂಥ ಸುಮಾರು 1000 ಸಿಸಿಯ ಬೈಕಿನತ್ತ, ಹೋಗಬಹುದು. ಸೀಟಿನ ಪಕ್ಕದ ಗುಬುಟನ್ನು ಕೈಯಿಂದ ತಿರುಗಿಸಿ ಹಿಂದಿನ ಸ್ಪ್ರಿಂಗನ್ನು ಬಿಗಿ ಮಾಡಿಕೊಳ್ಳುವ ಸೌಕರ್ಯ ನನ್ನ ಬೈಕಿನಲ್ಲಿದೆ, 650ರಲ್ಲಿ ಅದಕ್ಕೆ ಸ್ಪ್ಯಾನರ್ ಹಿಡಿಯಬೇಕು. ಎರಡರಲ್ಲಿ ಯಾವುದಾದರೂ ಸರಿ, ಬುಕ್ ಮಾಡುವ ಮುನ್ನ ಸರ್ವಿಸ್ ಸೆಂಟರಿಗೆ ಹೋಗಿ ಚೈನ್ ಸೆಟ್ಟು (ಚೈನು ಮತ್ತು ಅದು ಓಡುವ ಎರಡು ಹಲ್ಲುಚಕ್ರ), ಹಿಂದಿನ ಟೈರು, ವಾಲ್ವ್ ತಪಾಸಣೆ ಈ ಮೂರರ ದರವನ್ನು ಬರೆಸಿಕೊಳ್ಳಿ. ನನ್ನ ಬೈಕಿಗೆ ಈ ಮಳೆಗಾಲ ಮುಗಿದ ಮೇಲೆ ವಾಲ್ವ್ ತಪಾಸಣೆ ಇದೆ. ಬಿಲ್ಲು ಕೈಗೆ ಬಂದೊಡನೆ ಅಂಕಿಗಳನ್ನು ಇಲ್ಲಿಯೇ ಹಾಕುತ್ತೇನೆ.