ಎಷ್ಟು ಹಾರ್ಸ್‌ಪವರ್ ಅಂತ ಮೊದಲು ಕೇಳಬೇಡಿ

40 ಸೆಕೆಂಡಿನ ವಿಡಿಯೊ. ಮೆಕ್ಸಿಕೋದ ಬಾಹಾ ಕ್ಯಾಲಿಫೋರ್ನಿಯಾ, ಸ್ಯಾನ್ ಫೆಲಿಪೆ ಊರಿನ ಹೊರಗಿನ ಮರಳು ದಾರಿ. ಬಾಹಾ 1000 ಅನ್ನುವ ಮರುಭೂಮಿ ರೇಸಿನ ಬಗ್ಗಿಯೊಂದು (ಮರಳಿನಲ್ಲಿ ಓಡಲೆಂದೇ ಕಟ್ಟಿದ ಹಗುರ ಗಾಡಿ) ದಿಬ್ಬಗಳ ಸಾಲಿನ ಮೇಲೆ ಓಡಿ ಬರುತ್ತಿದೆ. ಒಂದು ದಿಬ್ಬ, ಒಂದು ಗುಂಡಿ, ಮತ್ತೆ ದಿಬ್ಬ, ಮತ್ತೆ ಗುಂಡಿ, ಕಣ್ಣು ಹಾಯುವಷ್ಟು ದೂರವೂ ಅದೇ. ನಾಲ್ಕೂ ಚಕ್ರಗಳು ಮೈಮೇಲೆ ದೇವರು ಬಂದ ಹಾಗೆ ಕುಣಿಯುತ್ತಿವೆ. ಚಾಲಕನ ಹೆಲ್ಮೆಟ್ ಮಾತ್ರ ನೂಲು ಹಿಡಿದು ಎಳೆದ ಗೆರೆಯ ಮೇಲೆ ಸಾಗುತ್ತಿದೆ. ಎಷ್ಟು ಸಲ ನೋಡಿದೆನೋ ಲೆಕ್ಕವಿಲ್ಲ. ಒಂದು ಸಲವಂತೂ ಗಂಟಲು ಕಟ್ಟಿತು.

ತಡೆಯಲಾರದೆ ಭಾವನಿಗೆ ತೋರಿಸಿದೆ. ಪೂರ್ತಿ ನೋಡಿದರು. ಫೋನ್ ವಾಪಸ್ ಕೊಡುತ್ತಾ ಕೇಳಿದರು, "ಎಷ್ಟು ಹಾರ್ಸ್‌ಪವರ್ ಇರಬಹುದು ಇದಕ್ಕೆ?"

ಕಾಲೇಜು ಗ್ರೂಪಿಗೆ ಹಾಕಿದೆ. ಆಫೀಸಿನ ಗ್ರೂಪಿಗೂ ಹಾಕಿದೆ. ಅಲ್ಲೂ ಅದೇ ಪ್ರಶ್ನೆ. ಒಬ್ಬರಾದರೂ ಆ ಚಕ್ರಗಳ ಬಗ್ಗೆ ಕೇಳಲಿಲ್ಲ. ಅಷ್ಟು ಹೊಡೆತ ಎಲ್ಲಿಗೆ ಹೋಗಿ ಕರಗುತ್ತಿದೆ, ಆ ಮನುಷ್ಯನ ಬೆನ್ನುಮೂಳೆ ಹೇಗೆ ಉಳಿದಿದೆ ಅಂತ ಒಬ್ಬರಿಗೂ ಅನ್ನಿಸಲಿಲ್ಲ. ಅದನ್ನೆಲ್ಲ ಮಾಡುವುದು ಸಸ್ಪೆನ್ಶನ್, ಅಂದರೆ ಚಕ್ರವನ್ನು ಗಾಡಿಗೆ ಜೋಡಿಸಿ ಹೊಡೆತ ತಡೆಯುವ ತೋಳು, ಸ್ಪ್ರಿಂಗ್, ಶಾಕ್‌ಗಳ ಏರ್ಪಾಟು. ನನಗೆ ನಿಜಕ್ಕೂ ಸಿಟ್ಟು ಬಂದಿದೆ. ಈ ವಿಷಯ ಎತ್ತಿದರೆ ನಾನು ಬೇಗ ನಿಲ್ಲಿಸುವುದಿಲ್ಲ ಅನ್ನುವುದು ನಿಮಗೆಲ್ಲ ಗೊತ್ತಿರುವುದೇ, ಹಾಗಾಗಿ ಪುರುಸೊತ್ತು ಇದ್ದವರು ಓದಿ.

ಮೊದಲು ಆ ದಿಬ್ಬಗಳ ಮಾತು. ರೇಸಿನವರು ಅದನ್ನು ವೂಪ್ಸ್ ಅನ್ನುತ್ತಾರೆ. ಬಹುಪಾಲು ಅವನ್ನು ಮಾಡಿದ್ದು ಗಾಡಿಗಳೇ. ಮೊದಲ ಗಾಡಿ ಒಂದು ಸಣ್ಣ ಉಬ್ಬಿನ ಮೇಲೆ ಹಾರಿ ಇಳಿದ ಜಾಗದಲ್ಲಿ ಮರಳು ತಗ್ಗಾಗುತ್ತದೆ. ಮುಂದಿನದು ಅದೇ ತಗ್ಗನ್ನು ಇನ್ನಷ್ಟು ಆಳ ಮಾಡುತ್ತದೆ. ನಮ್ಮ ಹಳ್ಳಿ ಕಡೆಯ ಮಣ್ಣು ರಸ್ತೆ ಬೇಸಿಗೆಯಲ್ಲಿ ಬಟ್ಟೆ ಒಗೆಯುವ ಹಲಗೆಯ ಹಾಗೆ ಗೀರು ಗೀರಾಗುತ್ತದಲ್ಲ, ಅದರ ದೈತ್ಯ ರೂಪ ಇದು. ಇಂಥ ಜಾಗದಲ್ಲಿ ವೇಗವಾಗಿ ಹೋಗಲು ಎಂಜಿನ್ ಒಂದಿದ್ದರೆ ಆಗುವುದಿಲ್ಲ. ಚಕ್ರ ನೆಲ ಬಿಟ್ಟ ಕ್ಷಣವೇ ಎಂಜಿನ್ನಿನ ಶಕ್ತಿಗೆ ಬೆಲೆ ಇಲ್ಲ, ಗಾಳಿಯಲ್ಲಿ ತಿರುಗುವ ಚಕ್ರ ಯಾರನ್ನೂ ಎಲ್ಲಿಗೂ ಮುಟ್ಟಿಸುವುದಿಲ್ಲ.

ಇತಿಹಾಸವೂ ಇದನ್ನೇ ಹೇಳುತ್ತದೆ. 1962ರಲ್ಲಿ ಡೇವ್ ಎಕಿನ್ಸ್ ಮತ್ತು ಬಿಲ್ ರಾಬರ್ಟ್‌ಸನ್ ಜೂನಿಯರ್ ಹೋಂಡಾ ಬೈಕುಗಳಲ್ಲಿ ಉತ್ತರದ ಟಿಹುವಾನಾದಿಂದ ದಕ್ಷಿಣದ ಲಾ ಪಾಜ್‌ವರೆಗೆ ಇಡೀ ಬಾಹಾ ಪರ್ಯಾಯ ದ್ವೀಪ ದಾಟಿದರು. 40 ಗಂಟೆಗೆ ಕೊಂಚ ಕಡಿಮೆ ಹಿಡಿಯಿತು, ಹೊರಟ ಹೊತ್ತು ಮುಟ್ಟಿದ ಹೊತ್ತು ಎರಡಕ್ಕೂ ತಂತಿ ಕಚೇರಿಯೇ ಸಾಕ್ಷಿ. 1967ರ ಏಪ್ರಿಲ್‌ನಲ್ಲಿ ಬ್ರೂಸ್ ಮೇಯರ್ಸ್ ಮತ್ತು ಟೆಡ್ ಮ್ಯಾಂಗಲ್ಸ್ ಅದೇ ದಾರಿಯನ್ನು 34 ಗಂಟೆ 45 ನಿಮಿಷದಲ್ಲಿ ಮುಗಿಸಿದರು. ಅವರ ಗಾಡಿ ಮೇಯರ್ಸ್ ತಾನೇ ಕಟ್ಟಿದ ಮ್ಯಾಂಕ್ಸ್ ಬಗ್ಗಿ. ದೋಣಿ ಕಟ್ಟುವ ಕೆಲಸದಲ್ಲಿ ಕಲಿತ ಫೈಬರ್‌ಗ್ಲಾಸ್ ವಿದ್ಯೆಯಿಂದ ಮೈ, ಒಳಗೆ ಫೋಕ್ಸ್‌ವ್ಯಾಗನ್ ಬೀಟಲ್ ಕಾರಿನ ಭಾಗಗಳು. ಅದೇ ವರ್ಷ ಅಕ್ಟೋಬರ್ ಕೊನೆಯಲ್ಲಿ, ಇಂದಿನ ಬಾಹಾ 1000 ಆಗಿ ಬೆಳೆದ ಮೊದಲ ಅಧಿಕೃತ ರೇಸ್ ನಡೆಯಿತು. ವಿಕ್ ವಿಲ್ಸನ್ ಮತ್ತು ಮ್ಯಾಂಗಲ್ಸ್ ಮತ್ತೆ ಮ್ಯಾಂಕ್ಸ್‌ನಲ್ಲೇ 27 ಗಂಟೆ 38 ನಿಮಿಷಕ್ಕೆ ಗೆದ್ದರು. ಆ ಕಾಲದ ಬೀಟಲ್ ಎಂಜಿನ್ ಫ್ಯಾಕ್ಟರಿಯಿಂದ ಬರುವಾಗ 50ರ ಆಸುಪಾಸಿನ ಹಾರ್ಸ್‌ಪವರ್. ಭಾವ, ನಿಮ್ಮ ಪ್ರಶ್ನೆಗೆ 1967ರ ಉತ್ತರ ಅದು.

ಬೀಟಲ್ ಯಾಕೆ ಅಂದರೆ, ಎಂಜಿನ್ ಗಾಡಿಯ ಹಿಂಬದಿಯಲ್ಲಿ ಕೂತು ಭಾರವನ್ನೆಲ್ಲ ಹಿಂದಿನ ಚಕ್ರಗಳ ಮೇಲೇ ಹಾಕಿರುತ್ತದೆ, ಹಾಗಾಗಿ ಮರಳಿನಲ್ಲಿ ಹಿಡಿತ ಸಿಗುತ್ತದೆ. ಗಾಳಿಯಿಂದಲೇ ತಣಿಯುವ ಎಂಜಿನ್, ಕಲ್ಲು ಬಡಿದು ಸೋರಲು ರೇಡಿಯೇಟರೇ ಇಲ್ಲ. ಮೂರನೆಯದು ನನ್ನ ಪ್ರೀತಿಯ ಕಾರಣ, ಅದರ ಸಸ್ಪೆನ್ಶನ್. ಸ್ಪ್ರಿಂಗ್ ಅಂದರೆ ಸುರುಳಿಯೇ ಆಗಬೇಕೆಂದಿಲ್ಲ. ಬೀಟಲ್‌ನಲ್ಲಿ ಅಡ್ಡ ಕೊಳವೆಯೊಳಗೆ ಉಕ್ಕಿನ ಸರಳು ಇರುತ್ತದೆ, ಚಕ್ರ ಮೇಲೆದ್ದಾಗ ಅದು ಒದ್ದೆ ಬಟ್ಟೆ ಹಿಂಡಿದ ಹಾಗೆ ತಿರುಚಿಕೊಂಡು ಮತ್ತೆ ಬಿಚ್ಚಿಕೊಳ್ಳುತ್ತದೆ. ಗಟ್ಟಿ, ಸರಳ, ಕೆಟ್ಟರೆ ದಾರಿಯಲ್ಲೇ ರಿಪೇರಿ. ದೋಷವೂ ಇತ್ತು. ಹಿಂದಿನ ಆಕ್ಸಲ್ ಗೇರ್‌ಬಾಕ್ಸ್ ಪಕ್ಕದಲ್ಲಿ ಮಾತ್ರ ಮಡಚುತ್ತಿದ್ದ ಕಾರಣ, ಗಾಡಿ ಮೇಲೆದ್ದಾಗಲೆಲ್ಲ ಹಿಂದಿನ ಚಕ್ರಗಳು ಪಾದ ಒಳಗೆ ಮಡಚಿ ನಿಂತವರ ಹಾಗೆ ಓರೆಯಾಗುತ್ತಿದ್ದವು. ಮುಂದಿನ ದಶಕಗಳಲ್ಲಿ ಬಗ್ಗಿ ಕಟ್ಟುವವರು ಹೋರಾಡಿದ್ದು ಇಂಥ ಓರೆಯ ಜೊತೆಗೆ. ಇಂದಿನ ದೊಡ್ಡ ಕ್ಲಾಸಿನ ಬಗ್ಗಿಯಲ್ಲಿ ಮುಂದೆ ಚಕ್ರ ಹಿಡಿಯುವ ಎರಡೆರಡು ತೋಳು, ಹಿಂದೆ ಟ್ರೇಲಿಂಗ್ ಆರ್ಮ್ ಅನ್ನುವ, ಹಿಂದಕ್ಕೆ ಚಾಚಿದ ಉದ್ದ ತೋಳು, ಚಕ್ರ ಎರಡು ಅಡಿಯ ಆಸುಪಾಸು ಮೇಲೆ ಕೆಳಗೆ ಹೋದರೂ ನೆಲಕ್ಕೆ ಸರಿಯಾಗಿ ನಿಂತಿರುತ್ತದೆ. ನಿಮ್ಮ ನಮ್ಮ ಕಾರಿನಲ್ಲಿ ಇದೇ ಓಡಾಟ ಆರೇಳು ಇಂಚು. ಬೀಟಲ್‌ಗಳೂ ಮರೆಯಾಗಿಲ್ಲ. ಹಳೇ ಕಾರನ್ನು ಬಹುಪಾಲು ಇದ್ದ ಹಾಗೇ ಓಡಿಸಬೇಕಾದ ಕ್ಲಾಸ್ 11 ಈಗಲೂ ಇದೆ, ಅವರಿಗೆ ನನ್ನ ಉದ್ದಂಡ ನಮಸ್ಕಾರ.

ಈಗ ಶಾಕ್ ಅಬ್ಸಾರ್ಬರ್. ಇದನ್ನು ಹೇಳದೆ ಬಿಡಲಾರೆ.

ಹೊಡೆತವನ್ನು ನುಂಗುವುದು ಸ್ಪ್ರಿಂಗ್ ಅಂತ ಎಲ್ಲರೂ ಅಂದುಕೊಂಡಿದ್ದಾರೆ. ಸ್ಪ್ರಿಂಗ್ ನುಂಗುವುದಿಲ್ಲ, ಸಾಲ ಇಟ್ಟುಕೊಳ್ಳುತ್ತದೆ, ಮರುಕ್ಷಣವೇ ಪೂರ್ತಿ ತಿರುಗಿಸಿ ಕೊಡುತ್ತದೆ. ಶಾಕ್ ಇಲ್ಲದ ಗಾಡಿ ಚೆಂಡಿನ ಹಾಗೆ ಪುಟಿಯುತ್ತಲೇ ಇರುತ್ತದೆ. ಆ ಶಕ್ತಿಯನ್ನು ನಿಜವಾಗಿ ಕೊಲ್ಲುವುದು ಶಾಕ್. ಒಳಗೆ ಎಣ್ಣೆ, ಎಣ್ಣೆಯಲ್ಲಿ ಪಿಸ್ಟನ್, ಪಿಸ್ಟನ್ನಿನಲ್ಲಿ ತೂತುಗಳು, ತೂತುಗಳ ಮೇಲೆ ಕಾಗದದಷ್ಟು ತೆಳು ಉಕ್ಕಿನ ಬಿಲ್ಲೆಗಳ ಅಡುಕು. ಎಣ್ಣೆ ಆ ಸಂದಿಯಲ್ಲಿ ನುಸುಳುವಾಗ ಹೊಡೆತ ಶಾಖವಾಗುತ್ತದೆ. ಬಾಹಾ 1000, ಡಕಾರ್ ಅನ್ನುವ ಮರುಭೂಮಿ ರ್ಯಾಲಿಯ ಥರ ದಿನ ದಿನ ನಿಂತು ಮಲಗಿ ಹೋಗುವ ರೇಸ್ ಅಲ್ಲ. ಹೊರಟರೆ ಹಗಲು ರಾತ್ರಿ ಒಂದೇ ಸಮ. ಶಾಕ್‌ಗೆ ತಣಿಯಲು ಬಿಡುವಿಲ್ಲ. ಎಣ್ಣೆ ಕಾದು ತೆಳುವಾದರೆ ಹಿಡಿತ ಹೋಯಿತು. ಎಣ್ಣೆಯಲ್ಲಿ ಗುಳ್ಳೆ ಎದ್ದರೆ ಇನ್ನೂ ಕೆಟ್ಟದು, ಪಿಸ್ಟನ್ ನೊರೆಯಲ್ಲಿ ಈಜಾಡುತ್ತದೆ. ಅದಕ್ಕೇ ಪಕ್ಕದಲ್ಲಿ ಇನ್ನೊಂದು ಡಬ್ಬಿ ಕೂರಿಸಿ, ಅದರಲ್ಲಿ ನೈಟ್ರೋಜನ್ ತುಂಬಿ, ಎಣ್ಣೆಯನ್ನು ಸದಾ ಒತ್ತಡದಲ್ಲಿ ಇಟ್ಟಿರುತ್ತಾರೆ.

ಬೈಪಾಸ್ ಶಾಕ್ ನೋಡಿದ್ದೀರಾ? ಮುಖ್ಯ ಸಿಲಿಂಡರಿನ ಹೊರಮೈಗೆ ಕೊಳಲುಗಳನ್ನು ಕಟ್ಟಿದ ಹಾಗೆ ಕೆಲವು ಕೊಳವೆಗಳು ಇರುತ್ತವೆ. ಚಕ್ರ ಮಧ್ಯದಲ್ಲಿ ಸಣ್ಣಗೆ ಆಡುವಾಗ ಎಣ್ಣೆ ಪಿಸ್ಟನ್ನನ್ನು ಬಳಸಿಕೊಂಡು ಆ ಕೊಳವೆಗಳಲ್ಲಿ ಸುಲಭವಾಗಿ ಹರಿಯುತ್ತದೆ, ಗಾಡಿ ಮೆತ್ತಗಿರುತ್ತದೆ. ದೊಡ್ಡ ಹಾರಾಟದ ನಂತರ ನೆಲಕ್ಕೆ ಬಿದ್ದಾಗ ಪಿಸ್ಟನ್ ಆಳಕ್ಕೆ ಹೋಗುತ್ತಾ ಹೋಗುತ್ತಾ ಕೊಳವೆಗಳ ಬಾಯಿಗಳನ್ನು ಒಂದೊಂದಾಗಿ ದಾಟುತ್ತದೆ. ದಾಟಿದ ಕೊಳವೆಯ ದಾರಿ ಮುಚ್ಚಿದಂತೆ, ಶಾಕ್ ಬಿಗಿಯಾಗುತ್ತಾ ಬರುತ್ತದೆ. ಕಂಪ್ಯೂಟರ್ ಇಲ್ಲ, ಸೆನ್ಸರ್ ಇಲ್ಲ. ಎಲ್ಲಿ ಮೃದು, ಎಲ್ಲಿ ಕಠಿಣ ಅನ್ನುವುದನ್ನು ತೂತು ಇರುವ ಜಾಗವೇ ತೀರ್ಮಾನಿಸುತ್ತದೆ. ಪ್ರತಿ ಕೊಳವೆಯ ತುದಿಯಲ್ಲಿ ತಿರುಪು, ಮರುಭೂಮಿಯ ನಡುವೆ ಸ್ಪ್ಯಾನರ್ ಹಿಡಿದು ಅರ್ಧ ಸುತ್ತು ತಿರುಗಿಸಿದರೆ ಗಾಡಿಯ ಸ್ವಭಾವವೇ ಬದಲು. ಇಷ್ಟು ಸುಂದರವಾದ ಯೋಚನೆ ಮನುಷ್ಯನ ತಲೆಗೆ ಬಂದಿದೆ, ನಾವು ಕೇಳುವುದು ಹಾರ್ಸ್‌ಪವರ್.

ನಮ್ಮೂರ ಬೈಪಾಸ್ ರಸ್ತೆ ಪಕ್ಕದ ಕಮಾನ್ ಪಟ್ಟಿ (ಲಾರಿಯ ಸ್ಪ್ರಿಂಗ್) ಅಂಗಡಿಯ ಚಾಚಾ ನೆನಪಾಗುತ್ತಾರೆ. ಅದಿರು ಲಾರಿಗಳು ಸಾಲುಗಟ್ಟಿ ಬರುತ್ತಿದ್ದ ಕಾಲ. ಡ್ರೈವರ್ ಇಳಿದು ದೂರು ಹೇಳುವ ಮೊದಲೇ, ಲಾರಿ ನಿಂತ ಭಂಗಿ ನೋಡಿ ಎಡ ಹಿಂದಿನ ಪಟ್ಟಿಯಲ್ಲಿ ಎಷ್ಟನೆಯದು ತುಂಡಾಗಿದೆ ಅಂತ ಹೇಳಿಬಿಡುತ್ತಿದ್ದರು. ಎಂಜಿನ್ ಮೇಸ್ತ್ರಿಗೆ ಊರಲ್ಲಿ ಇದ್ದ ಮರ್ಯಾದೆ ಅವರಿಗೆ ಎಂದೂ ಸಿಗಲಿಲ್ಲ. ಕೆಂಪಗೆ ಕಾದ ಪಟ್ಟಿಗೆ ಸುತ್ತಿಗೆಯಲ್ಲಿ ಬಾಗು ಕೊಡುತ್ತಿದ್ದ ಆ ಕೈ ನೋಡುತ್ತಾ ನಾನು ಬೆಳೆದೆ. ನನ್ನ ಸಿಟ್ಟು ಅಲ್ಲಿಂದಲೇ ಶುರುವಾದದ್ದು ಇರಬೇಕು.

ಈಗ ನೀವು ಹೇಳುವುದು ಗೊತ್ತು. ಎಂಜಿನ್ ಇಲ್ಲದೆ ಸಸ್ಪೆನ್ಶನ್ ಏನು ಮಾಡುತ್ತದೆ? ಚಾಲಕನ ಎದೆಗಾರಿಕೆ ಲೆಕ್ಕಕ್ಕಿಲ್ಲವೇ? ಇದೆ. ನಮ್ಮ ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ ಡಕಾರ್ ಮುಗಿಸಿದ ಮೊದಲ ಭಾರತೀಯರಾದಾಗ ಕಣ್ಣೀರು ಹಾಕಿದವನು ನಾನು, ಮನುಷ್ಯನ ಪಾಲನ್ನು ಕಡಿಮೆ ಮಾಡುವವನಲ್ಲ. ಆದರೆ ಅದೇ ಡಕಾರ್ ನೋಡಿ. 2015ರಲ್ಲಿ ಪೂಜೋ ಕಂಪನಿ ಎರಡೇ ಚಕ್ರಕ್ಕೆ ಶಕ್ತಿ ಕೊಡುವ ಬಗ್ಗಿ ತಂದಿತು. ಸ್ಟೆಫಾನ್ ಪೀಟರ್‌ಹ್ಯಾನ್ಸಲ್‌ನಂಥ ದಿಗ್ಗಜ ಓಡಿಸಿದರೂ 11ನೇ ಸ್ಥಾನ. ಗಾಡಿಯನ್ನು ಇನ್ನೂ ಉದ್ದ, ಇನ್ನೂ ಅಗಲ ಮಾಡಿ, ಸಸ್ಪೆನ್ಶನ್ ತಿದ್ದಿ ತಂದರು. 2016, 2017, 2018, ಮೂರು ವರ್ಷವೂ ಪೂಜೋದ್ದೇ ಗೆಲುವು. ಎಂಜಿನ್ನಿನ ಶಕ್ತಿಯೂ ತುಸು ಏರಿತ್ತು, ಅದನ್ನು ಮುಚ್ಚಿಡುವುದಿಲ್ಲ. ಆದರೆ ಎದುರಾಳಿಗಳ ಗೋಳು ಎಂಜಿನ್ ಒಂದರ ಮೇಲೆ ಇರಲಿಲ್ಲ. ಪೂಜೋ ಬಗ್ಗಿಯ ಚಕ್ರಕ್ಕೆ 460 ಮಿಲಿಮೀಟರ್ ಓಡಾಟ, ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಗಾಡಿಗಳಿಗೆ ನಿಯಮ ಕೊಟ್ಟಿದ್ದು ಅದಕ್ಕಿಂತ ಎಷ್ಟೋ ಕಡಿಮೆ. ಕೊನೆಗೆ 2022ರಲ್ಲಿ ಟಿ1 ಪ್ಲಸ್ ಅಂತ ಹೊಸ ವರ್ಗ ತಂದು ನಾಲ್ಕೂ ಚಕ್ರಕ್ಕೆ ಶಕ್ತಿ ಕೊಡುವವರಿಗೆ 350 ಮಿಲಿಮೀಟರ್, 37 ಇಂಚಿನ ಟೈರ್, 2.3 ಮೀಟರ್ ಅಗಲ ಕೊಟ್ಟರು. ಆ ವರ್ಷವೇ ಗೆಲುವು ಮತ್ತೆ ಅವರ ಕಡೆ ತಿರುಗಿತು. ಇಷ್ಟೆಲ್ಲ ಹಣ ಸುರಿಯುವವರು ಕಿತ್ತಾಡಿದ್ದು ಚಕ್ರ ಎಷ್ಟು ಮಿಲಿಮೀಟರ್ ಆಡಬೇಕು ಅನ್ನುವುದಕ್ಕೆ. ಎದೆಗಾರಿಕೆಗೆ ನಿಯಮ ಪುಸ್ತಕದಲ್ಲಿ ಅಳತೆ ಇಲ್ಲ.

ಇನ್ನೊಂದು ಮಾತು ಇದೆ. ಇಷ್ಟು ವರ್ಷ ಎಲ್ಲೂ ಬರೆದಿಲ್ಲ.

ಮಧ್ಯಪ್ರದೇಶದ ಪೀತಂಪುರದ ಕಥೆ ನಿಮ್ಮಲ್ಲಿ ಕೆಲವರಿಗೆ ಗೊತ್ತು. ಎಂಜಿನಿಯರಿಂಗ್ ಮಕ್ಕಳು ತಾವೇ ಬಗ್ಗಿ ಕಟ್ಟಿ ತಂದು ಓಡಿಸುವ ಬಾಹಾ ಎಸ್‌ಎಇ ಇಂಡಿಯಾ ಸ್ಪರ್ಧೆ. ಹೆಸರು ಈ ಮೆಕ್ಸಿಕೋದ ಮರುಭೂಮಿಯಿಂದಲೇ ಬಂದದ್ದು. ನಾಲ್ಕು ಗಂಟೆಯ ಎಂಡ್ಯೂರೆನ್ಸ್ ಓಟದಲ್ಲಿ ನಮ್ಮ ಗಾಡಿ ಮೂರನೇ ಗಂಟೆಗೆ ನಿಂತಿತು. ಮುಂದಿನ ಎಡ ಶಾಕ್‌ನ ಬೋಲ್ಟ್ ಕತ್ತರಿಸಿ, ತೋಳು ಬಾಗಿ, ಚಕ್ರ ಪಕ್ಕಕ್ಕೆ ಮಲಗಿತ್ತು. ಅದೃಷ್ಟ ಕೆಟ್ಟಿತು ಅಂತಲೇ ನಾನು ಎಲ್ಲರಿಗೂ ಹೇಳಿಕೊಂಡು ಬಂದೆ. ಅದೃಷ್ಟ ಅಲ್ಲ. ತಂಡದ ಕ್ಯಾಪ್ಟನ್ ನಾನು. ಸಸ್ಪೆನ್ಶನ್ ನೋಡಿಕೊಳ್ಳುತ್ತಿದ್ದ ಗೆಳೆಯ ಎರಡು ವಾರ ಮೊದಲೇ ಬಂದು ಕೇಳಿದ್ದ, "ಒಂದು ನಾಲ್ಕು ದಿನ ಕೊಡೋ, ಗುಂಡಿ ತೋಡಿ ಓಡಿಸಿ ನೋಡ್ಬೇಕು, ಶಾಕ್ ಪೂರ್ತಿ ಕೂತಾಗ ತಳಕ್ಕೆ ಬಡೀತಿದೆ ಅನ್ಸತ್ತೆ." ಎಲ್ಲ ತಂಡಕ್ಕೂ ಒಂದೇ 10 ಹಾರ್ಸ್‌ಪವರ್‌ನ ಎಂಜಿನ್. ಅದರಿಂದ ಇನ್ನೊಂದಿಷ್ಟು ವೇಗ ಹಿಂಡುವ ಆಸೆಯಲ್ಲಿ ನಾನು ಆ ದಿನಗಳನ್ನೆಲ್ಲ ಗೇರ್‌ಬಾಕ್ಸ್‌ಗೆ ಕೊಟ್ಟೆ. "ಸಸ್ಪೆನ್ಶನ್ ಹೇಗೋ ಆಗತ್ತೆ ಬಿಡು" ಅಂದೆ. ಚಾಚಾನ ಅಂಗಡಿ ಮುಂದೆ ಬೆಳೆದವನು ನಾನು, ಆ ಮಾತು ನನ್ನ ಬಾಯಿಂದ ಬಂತು. ಗಾಡಿ ನಿಂತಾಗ ಅವನು ಬೈಯಲಿಲ್ಲ. ಮುರಿದ ಬೋಲ್ಟನ್ನು ಎತ್ತಿಕೊಂಡು ಜೇಬಿಗೆ ಹಾಕಿಕೊಂಡ, ಅಷ್ಟೆ.

ಅವನು ಈಗ ಪುಣೆಯಲ್ಲಿದ್ದಾನೆ, ದಿನವಿಡೀ ಶಾಕ್‌ಗಳನ್ನು ಯಂತ್ರಕ್ಕೆ ಕಟ್ಟಿ ಪರೀಕ್ಷಿಸುವುದೇ ಕೆಲಸ. ಗ್ರೂಪಿನಲ್ಲಿ ಅವನು ಏನೂ ಬರೆದಿರಲಿಲ್ಲ. ನಿನ್ನೆ ರಾತ್ರಿ ವಿಡಿಯೊ ಅವನಿಗೇ ಕಳಿಸಿದೆ, ಕೆಳಗೆ ಆ ನಾಲ್ಕು ದಿನದ ಬಗ್ಗೆ ಎರಡು ಸಾಲು ಬರೆದೆ. ಆ ಎರಡು ಸಾಲಿಗೆ ಉತ್ತರ ಬರಲಿಲ್ಲ. ಬೆಳಗ್ಗೆ ಒಂದು ವಾಯ್ಸ್ ಮೆಸೇಜ್ ಬಂತು. "ಬಲಗಡೆ ಹಿಂದಿನ ಚಕ್ರ ನೋಡಿದ್ಯೇನೋ? ಪೂರ್ತಿ ಕೆಳಗೆ ಇಳೀತಾನೇ ಇಲ್ಲ. ರೀಬೌಂಡ್ ಒಂದು ಸುತ್ತು ಜಾಸ್ತಿ ಬಿಗಿ ಆಗಿದೆ."

ರೀಬೌಂಡ್ ಅಂದರೆ ಒತ್ತಿ ಕೂತ ಶಾಕ್ ಮತ್ತೆ ಚಾಚಿಕೊಳ್ಳುವುದು. ಮತ್ತೆ ಹಾಕಿ ನೋಡಿದೆ. ನಿಧಾನ ಮಾಡಿ, ಇನ್ನೂ ನಿಧಾನ ಮಾಡಿ ನೋಡಿದೆ. ಹೌದು. ಪ್ರತಿ ದಿಬ್ಬದ ನಂತರ ಆ ಚಕ್ರ ಗುಂಡಿಯ ತಳ ಮುಟ್ಟುವ ಮೊದಲೇ ಮುಂದಿನ ದಿಬ್ಬ ಬಂದು ಅದನ್ನು ಮೇಲಕ್ಕೆ ಒತ್ತುತ್ತಿದೆ. ಗಾಡಿಯ ಬಲ ಹಿಂಭಾಗ ಕೂದಲೆಳೆಯಷ್ಟು, ಕೂದಲೆಳೆಯಷ್ಟು ಕುಸಿಯುತ್ತಾ ಹೋಗುತ್ತಿದೆ. ಅಷ್ಟು ಸಲ ನೋಡಿದ್ದರೂ ನನ್ನ ಕಣ್ಣಿಗೆ ಅದು ಬಿದ್ದಿರಲಿಲ್ಲ.