ಹುಡುಗಿ ವಯಸ್ಸು ಕೇಳಿದ್ರಿ, ಹುಡುಗಂದು?

ಹೋದ ವಾರ ಹಾವೇರಿ ಕಡೆ ಹೆಣ್ಣು ನೋಡಾಕ ಹೋಗಿದ್ವಿ, ಹುಡುಗ ನಮ್ಮ ಸಂಬಂಧದಾಂವ. ಅವಲಕ್ಕಿ ಚಾ ಎಲ್ಲಾ ಆತು, ಹೊರಗ ಬಂದು ಗಾಡಿ ಹತ್ತೂದ್ರಾಗ ನಮ್ಮ ಹಿರ್ಯಾರೊಬ್ರು "ಹುಡುಗಿ ಛಲೋ ಅದಾಳ, ಆದ್ರ ಮೂವತ್ತು ಆಗಾಕ ಬಂದಾವ, ನಾಳೆ ಕೂಸು ಶಾಣ್ಯಾ ಹುಟ್ಟಬೇಕಲಾ, ಇನ್ನೊಂದು ನಾಕೈದು ವರ್ಷ ಸಣ್ಣದು ನೋಡೂಣು" ಅಂದ್ರು. ಹುಡುಗಗೆಷ್ಟು? ಆ ಮಾತು ಯಾರೂ ತಗೀಲಿಲ್ಲ. ನಾನೂ ಸುಮ್ನ ಕುಂತೆ, ಅದಕ್ಕ ಈಗ ಇಲ್ಲಿ ಬರ್ಯಾಕತ್ತೀನಿ.

ನಂದೂ ತಡಾ ಆದ ಮದುವಿನ. ಇಬ್ರು ತಂಗ್ಯಾರ ಮದುವಿ, ಹೊಲದ ಸಾಲ ಅಂತ ನನಗ 38 ಆತು, ಮಗಾ ಹುಟ್ಟಿದಾಗ 41. ಹುಬ್ಬಳ್ಳ್ಯಾಗ ಒಂಬತ್ತು ತಿಂಗಳು ದವಾಖಾನಿಗೆ ಅಡ್ಡಾಡಿದ್ವಿ, ಪ್ರತಿ ಸಲ ನನ್ನ ಹೆಂಡತಿ ವಯಸ್ಸು, ಅಕಿ ತೂಕ, ಅಕಿ ರಕ್ತ, ಅಕಿ ಫೋಲಿಕ್ ಆ್ಯಸಿಡ್ ಗುಳಿಗಿ. ನನಗ ಕೇಳಿದ್ದು ಹೆಸರು ಮತ್ತ ಬ್ಲಡ್ ಗ್ರೂಪು ಅಷ್ಟ. ಮುಂದ ಮಗಗ ಎರಡು ದಾಟಿದ್ರೂ ಮಾತು ಬರಲಿಲ್ಲ ನೋಡ್ರಿ, ಆಗ ಮನ್ಯಾಗ ಶುರುವಾತು, ಗ್ರಹಣದಾಗ ಹೊರಗ ಬಂದಿದ್ಲು, ಬಸುರಿದ್ದಾಗ ಮೊಬೈಲ್ ನೋಡಿದ್ಲು, ಎಲ್ಲಾ ಅಕಿ ತಲಿ ಮ್ಯಾಲ. ಅಕಿ ಅಡಗಿಮನ್ಯಾಗ ನಿಂತು ಕಣ್ಣೀರು ಹಾಕೂದು ನೋಡಿ ನಾನು ರಾತ್ರಿ ಎಲ್ಲಾ ಕುಂತು ಓದಿದ್ದು. (ಈಗ ಅಂವ ಬಾಯಿ ಮುಚ್ಚೂದಿಲ್ಲ, ಆ ಮಾತು ಬ್ಯಾರೆ.)

ಓದಿದ ಮ್ಯಾಲ ತಿಳಿದದ್ದು ಏನಂದ್ರ, ಹೆಣ್ಮಕ್ಕಳು ಹುಟ್ಟೂಕಿಂತ ಮೊದ್ಲ ಅವರ ತತ್ತಿ ಎಲ್ಲಾ ತಯಾರಾಗಿರ್ತಾವ. ವಯಸ್ಸಾದಂಗ ಅಲ್ಲಿ ತಪ್ಪೂದು ಕ್ರೋಮೋಸೋಮಿನ (ಜೀನು ಹೊತ್ತ ಎಳಿ) ಲೆಕ್ಕ, ಒಂದು ಎಳಿ ಹೆಚ್ಚಾಗಿ ಮಗುವಿನ ಬೆಳವಣಿಗಿ, ಬುದ್ಧಿ ನಿಧಾನ ಆಗೂ ಡೌನ್ ಸಿಂಡ್ರೋಮ್ ಬರೂದು ಹಂಗ. ಗಂಡಸರ ವೀರ್ಯಾಣು ಹಂಗಲ್ಲ, ಅದು ಸಾಯೂತನಕ ನಡಿಯೂ ಕಾರ್ಖಾನಿ. ಅಲ್ಲಿರೂ ಮೂಲ ಜೀವಕೋಶ ವರ್ಷಕ್ಕ ಅಂದಾಜು 23 ಸಲ ಒಳಗಿನ ಡಿಎನ್ಎ (ಮೈ ಕಟ್ಟೂ ಬರಹ) ಸಮೇತ ತನ್ನನ್ನ ತಾನ ನಕಲು ಮಾಡ್ಕೋತೈತಿ ಅಂತಾರ, ಅಂದ್ರ 20ರ ಹುಡುಗನ ಹತ್ರ 150 ಸಲ ಆದ ನಕಲು, 40ರಾಂವನ ಹತ್ರ 600 ಸಲ ಆದದ್ದು. ನಮ್ಮಜ್ಜನ ಉತಾರದಾಗ ಫಕೀರಪ್ಪ ಇದ್ದದ್ದು ಕೈಲೆ ಬರಕೋತ ಬರಕೋತ ಫಕೀರವ್ವ ಆಗಿತ್ತು, ತಿದ್ದಸಾಕ ಅಡ್ಡಾಡಿ ನಮ್ಮಪ್ಪನ ಚಪ್ಪಲ್ ಸವದ್ವು. ಇದೂ ಅದ ಕತಿ, ಬರದಷ್ಟು ತಪ್ಪು.

2012ರಾಗ ಐಸ್‌ಲ್ಯಾಂಡಿನ ಡಿಕೋಡ್ ಸಂಸ್ಥೆದವ್ರು ಅಪ್ಪ-ಅವ್ವ-ಮಗು ಹಿಂಗ 78 ಜೋಡಣಿ ತಗೊಂಡು ಡಿಎನ್ಎ ಓದಿ ಎಣಿಸ್ಯಾರ. ಅಪ್ಪನ ವಯಸ್ಸು ಒಂದು ವರ್ಷ ಹೆಚ್ಚಾದ್ರ ಮಗುವಿನಾಗ ಸುಮಾರು ಎರಡು ಹೊಸಾ ತಪ್ಪು ಹೆಚ್ಚು. 20ರ ಅಪ್ಪ ಕೊಡೂದು 25ರಷ್ಟು, 40ರಾಂವ 65ರಷ್ಟು. ತಾಯಿಯಿಂದ ಬಂದದ್ದು? 15ರಷ್ಟು. ಇದನ್ನ ಓದಿ ನಾನು ಹೆಂಡತೀನ್ನ ಎಬ್ಬಿಸಿ ತೋರ್ಸಿದೆ, ಅಕಿ ಒಂದ ಮಾತು ಅಂದ್ಲು, "ನಿಮ್ಮವ್ವಗ ತೋರಸ್ರಿ".

ಈ ತಪ್ಪು ಬಹುತೇಕ ಏನೂ ಮಾಡೂದಿಲ್ಲ ಮತ್ತ, ಡಿಎನ್ಎದಾಗ ಪ್ರೋಟೀನ್ ಮಾಡೂ ಜಾಗ ನೂರಕ್ಕ ಎರಡೂ ಇಲ್ಲ. ಆದ್ರ ನಮ್ಮ ಸುಮಾರು 20 ಸಾವಿರ ಜೀನಿನಾಗ ಅರ್ಧಕ್ಕಿಂತ ಹೆಚ್ಚು ಮೆದುಳಿನಾಗ ಕೆಲಸ ಮಾಡ್ತಾವ, ಹೊಟ್ಟ್ಯಾಗಿನ ಕೂಸಿನ ಮೆದುಳು ಕಟ್ಟೂ ಹೊತ್ತಿನ್ಯಾಗ ಬೇಕಾದ ಜೀನಿಗೇ ತಪ್ಪು ಬಡೀತು ಅಂದ್ರ ಅಲ್ಲೇ ತೊಡಕು. ಅದಕ್ಕ ಅಪ್ಪನ ವಯಸ್ಸಿನ ಮಾತು ಬಂದಾಗೆಲ್ಲಾ ಆಟಿಸಂ (ಮಾತು, ಮಂದಿ ಜೋಡಿ ಬೆರಿಯೂದ್ರಾಗ ತೊಡಕು), ಸ್ಕಿಜೋಫ್ರೀನಿಯಾ (ಇಲ್ಲದ್ದು ಕೇಳಿದಂಗ, ಕಂಡಂಗ ಆಗೂ ಮನೋರೋಗ) ಹೆಸರು ಬರೂದು.

ಹೆದರಬ್ಯಾಡ್ರಿ, ಲೆಕ್ಕಾ ಸರಿಯಾಗಿ ನೋಡ್ರಿ. 2015ರಾಗ ಐದು ದೇಶದ 57 ಲಕ್ಷ ಮಕ್ಕಳ ದಾಖಲೆ ನೋಡ್ಯಾರ, 20ರ ವಯಸ್ಸಿನ ಅಪ್ಪಗೋಳಿಗಿಂತ 40 ದಾಟಿದವ್ರ ಮಕ್ಕಳಿಗೆ ಆಟಿಸಂ 28% ಹೆಚ್ಚು, 50 ದಾಟಿದ್ರ 66%. ಪೇಪರಿನಾಗ 66% ಅಂತ ದಪ್ಪ ಅಕ್ಷರದಾಗ ಬಂದ್ರ ಎದಿ ಝಲ್ ಅಂತೈತಿ, ಆದ್ರ 40 ದಾಟಿದವ್ರ ಲೆಕ್ಕಾನ ತಗೋರಿ, ಹತ್ತು ಸಾವಿರ ಮಕ್ಕಳಾಗ 100 ಇದ್ದದ್ದು 128 ಆತು ಅಂದ್ರ ಉಳಿದ 9,872 ಮಕ್ಕಳು ಆರಾಮ ಅದಾರಲ್ಲ. ನನ್ನಂಥಾ ತಡಾ ಅಪ್ಪಗೋಳು ರಾತ್ರಿ ನಿದ್ದಿ ಮಾಡಬಹುದು.

ಅದ ಅಧ್ಯಯನದಾಗ ನನಗ ಹೊಡದದ್ದು ಇನ್ನೊಂದು ಮಾತು. ಗಂಡ ಹೆಂಡತಿ ವಯಸ್ಸಿನ ಅಂತರ ದೊಡ್ಡದಾದಂಗ ರಿಸ್ಕ್ ಹೆಚ್ಚು, ಅಪ್ಪ 35ರಿಂದ 44, ತಾಯಿ ಅವಗಿಂತ ಹತ್ತು ವರ್ಷಕ್ಕೂ ಸಣ್ಣಾಕಿ ಇದ್ದಲ್ಲಿ ಎಲ್ಲಾಕ್ಕಿಂತ ಜಾಸ್ತಿ. ನಮ್ಮ ಹಿರ್ಯಾರು ಹುಡುಕ್ಯಾಡೂದು ಕರೆಕ್ಟಾಗಿ ಇದನ್ನ ಅಲ್ರೀ! ಹುಡುಗಗ ವಯಸ್ಸಾದಷ್ಟು ಹುಡುಗಿ ಸಣ್ಣದಾಗಬೇಕು, ಅಕಿ ವಯಸ್ಸು ಇವನ ವಯಸ್ಸಿಗೆ ಔಷಧ ಅನ್ನೂವಂಗ.

ತಡಾ ಮದುವಿ ಆಗೂ ಗಂಡಸರು ಮೊದ್ಲ ಮಾತು ಕಡಿಮಿ ಇದ್ದವ್ರು ಇರಬಹುದು, ಆ ಗುಣಾನ ಮಕ್ಕಳಿಗೆ ಬಂದಿರಬಹುದು ಅಂತನೂ ವಿಜ್ಞಾನಿಗಳು ವಾದಾ ಮಾಡ್ತಾರ. ಇರಬಹುದು. ಆದ್ರ ನಮ್ಮ ಗದಗ ಹಾವೇರಿ ಕಡೆ ತಡಾ ಆಗೂದು ಸ್ವಭಾವಕ್ಕಲ್ಲ, ಹೊಲಾ ಮಾಡಾವ್ರಿಗೆ ಹೆಣ್ಣು ಕೊಡವಲ್ರು ಅದಕ್ಕ. 2023ರಾಗ ಮಂಡ್ಯ ಹುಡುಗರು ಹೆಣ್ಣು ಸಿಗಲಿ ಅಂತ ಮಾದಪ್ಪನ ಬೆಟ್ಟಕ್ಕ ಪಾದಯಾತ್ರೆ ಹೋದಾಗ ನಾವು ನಕ್ವಿ, ನಮ್ಮ ಊರಾಗ ಎಣಿಸಿದ್ರ ಎರಡು ಬಸ್ಸು ತುಂಬ್ತಾವ. ಅವ್ರಿಗೆ ನೀನು ಮುದುಕಾಗಿ, ಮಕ್ಕಳು ಬ್ಯಾಡ ಅನ್ನೂ ಮಾತು ನಂದಲ್ಲ. ಸರ್ಕಾರದ 2021ರ ಎಆರ್‌ಟಿ (ದವಾಖಾನಿ ನೆರವಿನಿಂದ ಗರ್ಭ ಧರಿಸೂ) ಕಾಯ್ದೇನೂ ಐವಿಎಫ್ ಮಾಡಸಾಕ ಗಂಡಸಿಗೆ 55, ಹೆಂಗಸಿಗೆ 50 ಅಂತ ಗೆರಿ ಹಾಕೇತಿ, ಅಂದ್ರ ಗಂಡಸಿಗೂ ಒಂದು ಗೆರಿ ಐತಿ ಅಂತ ಕಾನೂನಿಗೆ ಗೊತ್ತೈತಿ, ನಮ್ಮ ಬೀಗರಿಗೆ ಗೊತ್ತಿಲ್ಲ. ಮಗು ಮಾತಾಡೂದು ತಡಾ ಆದ್ರ ಗ್ರಹಣಾ ಹುಡುಕೂದು ಬಿಟ್ಟು ಮೊದ್ಲ ಕಿವಿ ಟೆಸ್ಟ್ ಮಾಡಸ್ರಿ, ಜಿಲ್ಲಾ ಆಸ್ಪತ್ರಿಗೆ ಕರಕೊಂಡು ಹೋಗ್ರಿ. ಮತ್ತ ಫೈಲಿನಾಗ ಅಪ್ಪನ ವಯಸ್ಸೂ ಬರಸ್ರಿ.

ನಿನ್ನೆ ಅದ ಹಿರ್ಯಾರು ವಾಟ್ಸಾಪಿನಾಗ ಹುಡುಗನ ಬಯೋಡೇಟಾ ಕಳಸಿದ್ರು, "ನಿಮ್ಮ ಆಫೀಸಿನಾಗ ಯಾರರ ಇದ್ರ ನೋಡಪಾ, ಹುಡುಗಿ 25ರ ಒಳಗಿರ್ಲಿ" ಅಂತ. ಹುಡುಗನ ವಯಸ್ಸು 36 ಅಂತ ಬರದೈತಿ. ಅಂವ ಮತ್ತ ನಾನು ಹತ್ತನೇತ್ತಾ ಒಂದ ಬೆಂಚಿನ ಮ್ಯಾಲ ಕುಂತು ಪಾಸಾದವ್ರು, ನನಗೀಗ 44.